ಸೂಜಿ ಮುಚ್ಚಿದ ಉರಿ

ಕುರುಗೋಡಿನ ಎರ್ರಮ್ಮನ ನಾಟಿ ಗುಂಪೆಂದರೆ ಸಿರುಗುಪ್ಪದ ಕಾಲುವೆ ಬಯಲಿನ ರೈತರು ಮೊದಲೇ ಮಾತು ತಗೊಂಡು ಇಟ್ಟುಕೊಳ್ಳುತ್ತಿದ್ದರು. ಕಾಲುವೆಗೆ ನೀರು ಬಂತೆಂದರೆ ಸಾಕು, ಹೆಂಗಸರನ್ನು ಟಂಟಂ ಗಾಡಿಯಲ್ಲಿ ತುಂಬಿಕೊಂಡು ಹೋಗಿ ಬಿಸಿಲೇರುವುದರೊಳಗೆ ಗದ್ದೆಗೆ ಇಳಿದಿರುತ್ತಿದ್ದಳು. ಎಡಗೈಯಲ್ಲಿ ಸಸಿಯ ಕಟ್ಟು. ಬಲಗೈ ಬೆರಳು ಕೆಸರಿಗೆ ಇಳಿದದ್ದೂ ಕಾಣದು, ಎದ್ದದ್ದೂ ಕಾಣದು. ಅವಳು ಹಿಂದೆ ಸರಿದಂತೆ ಮುಂದೆ ಹಸಿರು ಸಾಲು ನಿಂತಿರುತ್ತಿತ್ತು. ಬಾಯಿಯೂ ಅಷ್ಟೇ ಚುರುಕು. "ಏನಬೇ, ಸಸಿ ನೆಡಾಕ ಬಂದೀಯೋ, ಜೋಗುಳ ಹಾಡಿ ಮಲಗ್ಸಾಕ ಬಂದೀಯೋ?" ಎಂದು ಹಿಂದೆ ಬಿದ್ದವಳನ್ನು ಬದುವಿನ ತನಕ ಕೇಳುವಂತೆ ಜಾಡಿಸುತ್ತಿದ್ದಳು.

ಅಂಥವಳ ಬೆರಳು ಒಂದು ಮುಂಜಾನೆ ಮಡಚಲಿಲ್ಲ. ಗಿಣ್ಣುಗಳೆಲ್ಲ ಊದಿ, ಮುಟ್ಟಿದರೆ ಬಿಸಿ. ಬಿಸಿನೀರಿನಲ್ಲಿ ಕೈ ಇಳಿಬಿಟ್ಟುಕೊಂಡು ಕುಳಿತಳು. ಹೊತ್ತೇರಿದ ಮೇಲೆ ನಿಧಾನಕ್ಕೆ ಕೈ ಬಂತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಮುಂಜಾನೆ ಕಟ್ಟಿಗೆಯಂತಿದ್ದ ಕೈ ಮಧ್ಯಾಹ್ನಕ್ಕೆ ಕೆಲಸಕ್ಕೆ ಬರುತ್ತಿತ್ತು. ಜನ ನೋಡುವುದು ಮಧ್ಯಾಹ್ನವನ್ನೇ ತಾನೆ!

ಗಂಡ ಗವಿಸಿದ್ದಪ್ಪ ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವವನು. ಅವನೇ ಮೊದಲು ನಕ್ಕವನು. "ಮುಂಜಾನಿ ಕೈ ಬರಂಗಿಲ್ಲ ಅಂತಿ, ಮಧ್ಯಾಹ್ನಕ್ಕ ಎಲ್ಲರಿಗಿಂತ ಮುಂದ ಇರ್ತಿ. ಗಡಿಯಾರ ನೋಡ್ಕೊಂಡು ಬರೋ ರೋಗ ಇದೊಂದೇ ನೋಡ್ಲೇ ನಾ ಕಂಡಿದ್ದು." ಆ ಮಾತು ಓಣಿಗೆ ಹೋಯಿತು, ಗುಂಪಿಗೆ ಹೋಯಿತು. ಎರ್ರಮ್ಮ ಸೊಂಟ ನೇರ ಮಾಡಲು ನಿಂತರೂ ಸಾಕು, "ಯಕ್ಕಾ, ಗಡಿಯಾರ ಎಷ್ಟಾತು?" ಎಂದು ಯಾವಳಾದರೂ ಕಿಸಕ್ಕನೆ ನಗುತ್ತಿದ್ದಳು.

ನಾಟಿ ಹಂಗಾಮಿನಲ್ಲಿ ಬದುವಿಗೆ ಚಹಾ ಬರುವಂತೆ ಉಮಾಪತಿಯೂ ಬರುತ್ತಿದ್ದ. ಕಲಿತ ವೈದ್ಯನಲ್ಲ, ಹಿಂದೆ ಯಾವುದೋ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದು, ಈಗ ಸ್ವಂತ ಔಷಧಿ ಅಂಗಡಿ ಇಟ್ಟವನು. ಜನ ಡಾಕ್ಟರ್ ಅನ್ನುತ್ತಿದ್ದರು, ಅವನೂ ಬೇಡ ಅನ್ನುತ್ತಿರಲಿಲ್ಲ. ಬೈಕಿನ ಡಬ್ಬಿಯಿಂದ ಮೈಕೈ ನೋವಿನ ಸೂಜಿ ತೆಗೆದ ಎಂದರೆ ಹೆಂಗಸರು ಕೆಸರುಗೈಯಲ್ಲೇ ತೋಳು ಮುಂದೆ ಮಾಡಿ ಸಾಲು ನಿಲ್ಲುತ್ತಿದ್ದರು. ಸೂಜಿಯ ಜೊತೆ ಕಾಗದದ ಪೊಟ್ಟಣದಲ್ಲಿ ಸಣ್ಣ ಬಿಳಿ ಗುಳಿಗೆ. ತಗೊಂಡ ಮರುದಿನ ಮೈ ಹತ್ತಿಯಾಗುತ್ತಿತ್ತು. ಅದರಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಮೈ ಹಗುರಾದವರು ಯಾಕೆ ಕೇಳುತ್ತಾರೆ?

ಆದರೆ ಎರ್ರಮ್ಮನಿಗೆ ನೋವಿಗಿಂತ ನಗು ಚುಚ್ಚಿತ್ತು. "ನಡಿ ಬಳ್ಳಾರಿಗೆ. ರಕ್ತ ತೆಗೆದು ನೋಡ್ಲಿ. ನಾ ಸೋಗು ಹಾಕೀನೋ, ಖರೇನ ಬ್ಯಾನಿ ಐತೋ, ನನ್ನ ರಕ್ತಾನ ಹೇಳ್ಲಿ," ಎಂದು ಗಂಡನ ಎದುರು ನಿಂತಳು.

ಹೋಗುವ ಮೊದಲು ಅವಳು ಮಾಡಿದ್ದು ಏನು? ಬಸ್ಸಿನಲ್ಲಿ ನಿಲ್ಲಬೇಕು, ದೊಡ್ಡ ಡಾಕ್ಟರ ಮುಂದೆ ನರಳುತ್ತ ಕೂರುವುದು ಮರ್ಯಾದೆಯಲ್ಲ ಎಂದು ವಾರವೆಲ್ಲ ಬಿಳಿ ಗುಳಿಗೆಯನ್ನು ಹೆಚ್ಚು ಹೆಚ್ಚು ನುಂಗಿದಳು. ಸಾಲದ್ದಕ್ಕೆ ಎರಡು ಸಲ ಉಮಾಪತಿಯ ಸೂಜಿಯನ್ನೂ ಚುಚ್ಚಿಸಿಕೊಂಡಳು. ದೇವರಿಗೆ ಹೋಗುವವರು ಮಿಂದು ಹೋಗುವಂತೆ ನಮ್ಮ ಮಂದಿ ದವಾಖಾನೆಗೆ ಹೋಗುವಾಗ ಸೂಜಿ ಹಾಕಿಸಿಕೊಂಡು ಹೋಗುತ್ತಾರೆ.

ಬಳ್ಳಾರಿಯ ಆ ಡಾಕ್ಟರ್ ಕೇಳಲಿಲ್ಲ ಎಂದು ಹೇಳುವಂತಿಲ್ಲ. ತಲೆ ಎತ್ತದೆಯೇ ಕೇಳಿದರು, "ಏನಾದ್ರೂ ಗುಳಿಗೆ ತಗೊಳ್ತಾ ಇದ್ದೀಯಾ?"

ಎರ್ರಮ್ಮ ಬಾಯಿ ತೆರೆಯುವುದರೊಳಗೆ ಗವಿಸಿದ್ದಪ್ಪ ಕೈಮುಗಿದು, "ಇಲ್ರೀ ಸಾಹೇಬ್ರ, ಬಿಲ್ಕುಲ್ ಇಲ್ಲ," ಎಂದುಬಿಟ್ಟ. ಉಮಾಪತಿಯ ಹೆಸರು ಹೊರಬಿದ್ದರೆ ಬೈಗುಳ ಬೀಳುತ್ತದೆ, ಮೇಲಿನವರು ಬಂದು ಅವನ ಅಂಗಡಿಗೆ ಬೀಗ ಹಾಕುತ್ತಾರೆ ಎಂಬ ಅಂಜಿಕೆ. ಎರ್ರಮ್ಮನೂ ಬಾಯಿ ಬಿಡಲಿಲ್ಲ. ಅಂಗಡಿ ಮುಚ್ಚಿದರೆ ಗುಂಪಿಗೆ ಸೂಜಿ ಯಾರು ಹಾಕಬೇಕು, ನಾಟಿ ಹೇಗೆ ಮುಗಿಯಬೇಕು?

ರಕ್ತ ಕೊಟ್ಟರು. ಸಂಜೆಗೆ ಕಾಗದ ಬಂತು. "ರಕ್ತದಲ್ಲಿ ಉರಿಯೂತ ಕಾಣ್ತಿಲ್ಲ. ದುಡಿದ ಮೈ, ಅದಕ್ಕೇ ನೋವು. ಸುಧಾರಿಸ್ಕೋ," ಎಂದರು ಡಾಕ್ಟರ್.

ಊರು ಮುಟ್ಟುವ ತನಕ ಗವಿಸಿದ್ದಪ್ಪ ಬಸ್ಸಿಗೆಲ್ಲ ಕೇಳುವಂತೆ, "ನೋಡ್ರಪ್ಪಾ, ನನ್ನ ಹೆಂಡ್ತಿ ರಕ್ತ ಹಾಲಿನಂಥದ್ದಂತ!" ಎಂದು ಸಾರಿದ. ಎರ್ರಮ್ಮ ಕಿಟಕಿಯ ಕಡೆ ಮುಖ ಮಾಡಿದ್ದಳು. ಅವಳನ್ನು ಸುಟ್ಟದ್ದು ಗಂಡನ ಮಾತಲ್ಲ. ಕಾಗದ ಹೇಳಿದ ಮೇಲೆ ತನ್ನ ಕೈಯನ್ನು ತಾನೇ ನಂಬದಾಗಿದ್ದಳು. ನಾನೇ ಸೋಮಾರಿಯಾದೆನೇನೋ ಅಂದುಕೊಂಡಳು.

ಅಂದುಕೊಂಡು ಮತ್ತೆ ಕೆಸರಿಗೆ ಇಳಿದಳು. ಗುಳಿಗೆ ನುಂಗುತ್ತ ಒಂದು ಹಂಗಾಮು, ನುಂಗುತ್ತ ಇನ್ನೊಂದು. ಮುಖ ದುಂಡಗೆ ಊದಿತು. ಓಣಿಯವರು ಮೈ ತುಂಬಿಕೊಂಡಾಳೆ ಎಂದರು. ಬೆರಳುಗಳು ಗಾಳಿಗೆ ಬಾಗಿದ ಪೈರಿನಂತೆ ಒಂದೇ ಕಡೆ ವಾಲಿದವು. ಸಸಿ ಕೈಯಿಂದ ಜಾರಿ ನೀರಿನ ಮೇಲೆ ತೇಲತೊಡಗಿತು. ರೈತರು ಬದುವಿನ ಮೇಲೆ ನಿಂತು ನೋಡಿದರು, ಮುಂದಿನ ಸಲ ಮಾತು ತಗೊಳ್ಳಲು ಉಚ್ಚೆಂಗೆಮ್ಮನ ಮನೆಗೆ ಹೋದರು. ಎರ್ರಮ್ಮನ ಕೈಕೆಳಗೆ ನಾಟಿ ಕಲಿತ ಅವಳೇ ಈಗ ಗುಂಪಿನ ಯಜಮಾನಿಯಾದಳು.

ಆಮೇಲೆ ಎರ್ರಮ್ಮ ಒಬ್ಬಳೇ ಬಳ್ಳಾರಿಗೆ ಹೋದಳು, ಬೇರೆ ದವಾಖಾನೆಗೆ. ಅಲ್ಲಿನ ಡಾಕ್ಟರ್ ಶೈಲಜಾ ಮಾತಿಗಿಂತ ಮೊದಲು ಅವಳ ಕೈ ಹಿಡಿದು ಒಂದೊಂದೇ ಗಿಣ್ಣು ಒತ್ತಿ ನೋಡಿದರು. "ಯಾವ ಗುಳಿಗಿ ನುಂಗಾಕ ಹತ್ತೀಯವ್ವಾ?"

"ಯಾವ್ದೂ ಇಲ್ರಿ."

"ದುಂಡಗ ಊದಿದ ನಿನ್ನ ಮುಖಾನ ಹೇಳ್ತೈತಿ. ತೆಗಿ."

ಎರ್ರಮ್ಮ ಸೊಂಟದ ಚೀಲದಿಂದ ಪೊಟ್ಟಣ ತೆಗೆದಿಟ್ಟಳು. ಹಳೆಯ ಕಾಗದವನ್ನೂ ಇಟ್ಟಳು. "ರಕ್ತದಾಗ ಏನೂ ಇಲ್ಲ ಅಂದಿದ್ರಲ್ರಿ ಆವಾಗ?"

"ಹೆಂಗ ಕಾಣ್ಬೇಕು? ಕೀಲಿನಾಗ ಉರಿ ಇದ್ರ ರಕ್ತದಾಗ ಅದರ ಗುರ್ತು ಏರ್ತೈತಿ. ಸಣ್ಣ ನಳಿಗಿಯಾಗ ರಕ್ತ ನಿಲ್ಲಿಸಿದ್ರ ಕೆಂಪು ಜಲ್ದಿ ಕೆಳಗ ಇಳೀತೈತಿ. ಈ ಗುಳಿಗಿ, ಆ ಸೂಜಿ ಎರಡೂ ಸ್ಟೀರಾಯ್ಡ್. ಉರಿ ಮ್ಯಾಲ ಒದ್ದಿ ಗೋಣಿಚೀಲ ಹೊದಿಸಿ, ಹೊಗಿ ಎಲ್ಲೈತಿ ಅಂತ ಕೇಳಿದಂಗಾತು. ಹಂಗಂತ ಒಮ್ಮಿಗೆ ಬಿಟ್ಟಿ ಅಂದ್ರ ಜೀವಕ್ಕ ಕುತ್ತು. ನಾ ಹೇಳಿದಂಗ ಸ್ವಲ್ಪ ಸ್ವಲ್ಪ ಇಳಿಸು."

ಇಳಿಸಿದಳು. ಇಳಿದಂತೆ ಕೀಲು ಕೀಲಿಗೂ ಕೆಂಡ ಇಟ್ಟಂತಾಯಿತು. ಆಗ ಮತ್ತೆ ರಕ್ತ ತೆಗೆದರು. ಈ ಸಲ ಎಲ್ಲ ಅಂಕಿಯೂ ಮಿತಿ ದಾಟಿತ್ತು; ಸಂಧಿವಾತ ಎಂದರು. ರೋಗ ಇದೆ ಎಂದದ್ದಕ್ಕೆ ಆ ಹೆಣ್ಣುಮಗಳು ಜೋರಾಗಿ ನಕ್ಕಳು. ಪಕ್ಕದಲ್ಲಿ ಕೂತವರು ಹುಚ್ಚಿಯೇನೋ ಎಂದು ನೋಡಿದರು.

ನಗು ನಿಂತ ಮೇಲೆ ಕೇಳಿದಳು, "ಬೆರಳು ನೆಟ್ಟಗ ಆಕಾವೇನ್ರಿ?"

"ಇನ್ನೂ ಡೊಂಕಾಗೋದನ್ನ ತಡೀತೀವಿ. ಆಗಿದ್ದನ್ನ ಗುಳಿಗಿಯಿಂದ ತಿರುಗಿಸಾಕ ಬರಂಗಿಲ್ಲವ್ವಾ."

ಮನೆಗೆ ಬಂದು ಕಾಗದವನ್ನು ಗಂಡನ ಮುಂದೆ ಒಗೆದಳು. ಗವಿಸಿದ್ದಪ್ಪ ಅದನ್ನು ಹಿಡಿದು ಕಟ್ಟೆಯ ತನಕ ಹೋಗಿ ನಾಲ್ಕು ಮಂದಿಗೆ ತೋರಿಸಿ ಬಂದ. ಕಾಗದವನ್ನು ಎಲ್ಲರೂ ನಂಬಿದರಂತೆ. ಕಣ್ಣೆದುರು ತಿರುಗಾಡುತ್ತಿದ್ದ ಆ ಕೈಗಳನ್ನು ಇಷ್ಟು ದಿನ ಒಬ್ಬನಾದರೂ ನಂಬಿದ್ದನೇ?

ಗವಿಸಿದ್ದಪ್ಪ ಗೋಡೆಗೆ ಒರಗಿ, "ಇಷ್ಟು ಜೋರು ಐತಿ ಅಂತ ಮೊದ್ಲ ಬಾಯಿ ಬಿಟ್ಟು ಹೇಳಬಾರದಾಗಿತ್ತೇನ್ಲೇ?" ಎಂದ.

"ನಿನಗ ಹೇಳಿದ್ದೆ, ನೀ ನಕ್ಕಿ. ಡಾಕ್ಟರಿಗೆ ಹೇಳೋ ಹೊತ್ತಿಗೆ ನೀ ಬಾಯಿ ಹಾಕಿದಿ. ನಾನೂ ಬಾಯಿ ಮುಚ್ಚಿದೆ, ನನ್ನ ಕರ್ಮ."

ಗವಿಸಿದ್ದಪ್ಪ ಕಾಗದ ಮಡಚಿ ಗೂಡಿನಲ್ಲಿಟ್ಟ. "ಹಸಿವಾಗೈತಿ, ರೊಟ್ಟಿ ಹಚ್ಚು," ಎಂದ.

ಎರ್ರಮ್ಮ ಎರಡೂ ಕೈ ಅವನ ಮುಖದ ಹತ್ತಿರ ಹಿಡಿದಳು. "ರಕ್ತದ ಕಾಗದ ಓದಿ ಬಂದೀಯಲ್ಲ. ಇನ್ನ ಮ್ಯಾಲ ರೊಟ್ಟಿ ನೀನ ಬಡಿ."

ಜೋಳದ ಹಿಟ್ಟು ಅವನ ಕೈಯಲ್ಲಿ ಸೀಳಿ ಸೀಳಿ ಹೋಯಿತು. ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಎರಡು ಸಲ ಕೇಳಿದ. ಎರ್ರಮ್ಮ ಎದ್ದು ಹೊರಗೆ ಹೋದಳು, ಹೇಳಿಕೊಡಲಿಲ್ಲ.