ಸೀಮೆಬದನೆಯ ಪಥ್ಯ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ವರ್ಷವಿಡೀ ನೇರಳೆ ಬಣ್ಣದಲ್ಲಿರುತ್ತಿದ್ದವು. ಹೊಸ ರೋಗಿಗಳು ಆ ಬೆರಳುಗಳು ತಮ್ಮ ನಾಡಿ ಹಿಡಿಯುವಾಗ ಅನುಮಾನದಿಂದ ನೋಡುತ್ತಿದ್ದರು. ಗಾಜಿನ ಪಟ್ಟಿಯ ಮೇಲೆ ಕಫವನ್ನೋ ಕೀವನ್ನೋ ಸವರಿ, ಅದರೊಳಗಿನ ಸೂಕ್ಷ್ಮಜೀವಿಗಳು ಕಣ್ಣಿಗೆ ಬೀಳಲೆಂದು ಬಣ್ಣ ಹಾಕುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಆ ಬಣ್ಣ ಸೋಪಿಗೂ ಬಗ್ಗುತ್ತಿರಲಿಲ್ಲ, ಸೀಗೆಪುಡಿಗೂ ಬಗ್ಗುತ್ತಿರಲಿಲ್ಲ. ಬಣಕಲ್ಲಿನಲ್ಲಿ ನಾವೆಲ್ಲ ಅವರನ್ನು ಡಾಕ್ಟ್ರಮ್ಮ ಎಂದು ಕರೆಯುತ್ತಿದ್ದೆವು.

ಕಳಸದ ಆಚೆ ಸಂಸೆಯ ಕಡೆಯವರು. ಮದುವೆಯಾಗಿರಲಿಲ್ಲ. ಏಕೆ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ, ನನ್ನ ಅಜ್ಜಿಯೊಬ್ಬಳನ್ನು ಬಿಟ್ಟು. ಅವಳು ಕೇಳಿದ್ದಳು. "ಟೈಮ್ ಸಿಗ್ಲಿಲ್ಲ ಅಜ್ಜಿ" ಎಂದು ಡಾಕ್ಟ್ರಮ್ಮ ಹೇಳಿ ಮುಗಿಸಿದ್ದರು.

ಅವರ ದವಾಖಾನೆ ಇದ್ದದ್ದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ, ನಮ್ಮ ಕಾಫಿಪುಡಿ ಅಂಗಡಿಗೆ ಎದುರುಗಡೆ. ಕಿಟಕಿಯ ಪಕ್ಕ ಒಂದು ಹಳೆಯ ಮೈಕ್ರೋಸ್ಕೋಪು. ಅದರ ಬುಡದ ಕನ್ನಡಿಗೆ ಬಿಸಿಲು ಬಿದ್ದರೆ ಮಾತ್ರ ಒಳಗಿನದು ಕಾಣುತ್ತಿತ್ತು. ಆಷಾಢದಲ್ಲಿ ವಾರಗಟ್ಟಲೆ ಸೂರ್ಯ ಕಾಣದಿದ್ದಾಗ ಅವರ ಸಿಟ್ಟು ನೆತ್ತಿಗೇರುತ್ತಿತ್ತು. "ನೋಡದೆ ಹೇಳೋ ಡಾಕ್ಟ್ರೂ ಒಂದೇ, ಕವಡೆ ಹಾಕೋನೂ ಒಂದೇ" ಎನ್ನುವುದು ಅವರ ಮಾತು. ರೋಗಿಗಳಿಗೂ ತೋರಿಸಿಯೇ ಕಳಿಸುತ್ತಿದ್ದರು. ಎಸ್ಟೇಟಿನ ಮೇಸ್ತ್ರಿಯೊಬ್ಬ ಬರಿಗಾಲಿನಿಂದ ಏರಿ ತನ್ನ ಮಗುವಿನ ಹೊಟ್ಟೆ ಸೇರಿದ ಹುಳದ ಮೊಟ್ಟೆಗಳನ್ನು ನೋಡಿದ ದಿನವೇ ಕೂಲಿಗಳ ಲೈನ್ ಮನೆಗಳ ಮಕ್ಕಳಿಗೆಲ್ಲ ಚಪ್ಪಲಿ ಬಂತು. ನನಗೂ ಒಮ್ಮೆ ನಮ್ಮ ಮನೆಯ ಮೊಸರಿನ ಒಂದು ಹನಿ ತೋರಿಸಿದರು. ಸಣ್ಣ ಸಣ್ಣ ಕಡ್ಡಿಗಳು, ಸಾಲುಗಟ್ಟಿದ ಚುಕ್ಕಿಗಳು. "ಇವ್ರೆಲ್ಲ ನಿಮ್ಮನೆ ಕೆಲಸದವ್ರು. ಸಂಬಳ ಕೇಳಲ್ಲ, ರಜಾನೂ ಕೇಳಲ್ಲ" ಎಂದರು. ಆಮೇಲೆ ಒಂದು ವಾರ ನಾನು ಮೊಸರು ಮುಟ್ಟಲಿಲ್ಲ.

ನಾನಾಗ ಡಿಗ್ರಿ ಮುಗಿಸಿ ಅಂಗಡಿಯಲ್ಲಿ ಕೂತಿದ್ದೆ. ಕಾಫಿಪುಡಿ ಮಾರಲು ಡಿಗ್ರಿ ಬೇಕೇ ಎಂದು ನೆಂಟರು ಆಡಿಕೊಂಡರು, ಆಡಿಕೊಳ್ಳಲಿ. ನಾನಿಲ್ಲದಿದ್ದರೆ ನಮ್ಮ ಅಂಗಡಿಯಲ್ಲಿ ಕಾಫಿಯ ರುಚಿ ನೋಡುವವರೇ ಇರಲಿಲ್ಲ. ಬೀಜ ಹುರಿಯುವುದರಲ್ಲಿ ಇಡೀ ಸೀಮೆಗೆ ಹೆಸರಾದ ಅಪ್ಪ ಹನ್ನೊಂದು ವರ್ಷದಿಂದ ಒಂದು ಗುಟುಕು ಕಾಫಿ ಕುಡಿದಿರಲಿಲ್ಲ. ಅವರ ಹೊಟ್ಟೆಯಲ್ಲಿ ಹುಣ್ಣು. ಕಾಫಿ ಬಿಡಿ, ಖಾರ ಬಿಡಿ, ಯೋಚನೆ ಬಿಡಿ ಎಂದು ಎಲ್ಲ ಡಾಕ್ಟರೂ ಹೇಳಿದ್ದರು. ಆಗಿನ ತಿಳಿವಳಿಕೆಯೇ ಅಷ್ಟು. ಅಪ್ಪ ಎಲ್ಲ ಬಿಟ್ಟು ಮೊಸರನ್ನ, ಗಂಜಿಗೆ ಬಂದಿದ್ದರು. ಆದರೂ ಎರಡು ತಿಂಗಳಿಗೊಮ್ಮೆ ನೋವು ಬಂದು ಹುರಿಯುವ ಯಂತ್ರದ ಪಕ್ಕದಲ್ಲೇ ಬಗ್ಗಿ ಕೂತುಬಿಡುತ್ತಿದ್ದರು. ಮೂಗಿನಿಂದ ಹದ ನೋಡಿ ಹುರಿದು, ನನಗೆ ಒಂದು ಲೋಟ ಮಾಡಿಸಿ ಕೊಟ್ಟು, "ಹೇಗಿದೆ?" ಎಂದು ನನ್ನ ಮುಖವನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ ಅಪ್ಪ."

"ಚೆನ್ನಾಗಿದೆ ಅಂದ್ರೆ ಏನು? ನಾಲಿಗೆ ಇದೆ ತಾನೆ ನಿಂಗೆ?"

ತೊಂಬತ್ತರ ದಶಕದ ನಡುವಿನ ಆ ವರ್ಷ ಅಪ್ಪ ಒಮ್ಮೆ ರಕ್ತ ವಾಂತಿ ಮಾಡಿಕೊಂಡರು. ಮಂಗಳೂರಿನಲ್ಲಿ, ಇನ್ನು ಆಪರೇಷನ್ ಮಾಡಿ ಹೊಟ್ಟೆಯ ಒಂದು ಭಾಗ ತೆಗೆಯುವುದೇ ದಾರಿ ಎಂದರು. ದೀಪಾವಳಿ ಕಳೆದ ಮೇಲೆ ಎಂದು ನಿಗದಿಯಾಯಿತು. ಅಪ್ಪ ಅಂಗಡಿಯ ಬೀಗದ ಕೈಗಳನ್ನು ಒಂದೊಂದಾಗಿ ನನಗೆ ತೋರಿಸಿ ಇದು ಯಾವುದರದ್ದು, ಅದು ಯಾವುದರದ್ದು ಎಂದು ಹೇಳಿಕೊಡತೊಡಗಿದರು. ನನಗೆ ಅಳು ಬಂತು.

ಆ ಶ್ರಾವಣದ ಒಂದು ಬೆಳಿಗ್ಗೆ ಡಾಕ್ಟ್ರಮ್ಮ ರಸ್ತೆ ದಾಟಿ ನಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಅಂಚೆಯಲ್ಲಿ ಬಂದ ವೈದ್ಯಕೀಯ ಪತ್ರಿಕೆ, ಮಳೆಗೆ ನೆಂದು ಹಪ್ಪಳದಂತೆ ಸೊಟ್ಟಗಾಗಿತ್ತು. ತಮ್ಮ ಮೇಲೆಯೇ ಸಿಟ್ಟಾದವರ ಹಾಗಿದ್ದರು.

"ಹೊಟ್ಟೆಯ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾನೂ ಬದುಕಲ್ಲ ಅಂತ ಪರೀಕ್ಷೆಯಲ್ಲಿ ಬರ್ದು ಪಾಸಾದೋಳು ನಾನು. ಸುಳ್ಳಂತೆ. ಒಂದು ಬದುಕತ್ತಂತೆ. ಹುಣ್ಣು ಮಾಡೋದೂ ಅದೇ ಅಂತೆ. ಕೆಲವು ವರ್ಷದಿಂದ ಓದ್ತಾ ಇದ್ದೆ, ನಂಬಿರ್ಲಿಲ್ಲ. ಈಗ ನಂಬ್ದೆ ವಿಧಿಯಿಲ್ಲ."

ಅಪ್ಪ ಬೀಜ ಆರಿಸುವುದನ್ನು ನಿಲ್ಲಿಸಲಿಲ್ಲ. "ಹಾಗಾದ್ರೆ ಕಾಫಿ, ಖಾರ?"

"ಅವು ಗಾಯದ ಮೇಲೆ ಉರಿ ಎಬ್ಬಿಸಬಹುದು. ಗಾಯ ಮಾಡಿದ್ದು ಅವಲ್ಲ. ಹನ್ನೊಂದು ವರ್ಷ ನಿರಪರಾಧಿನ ಜೈಲಿಗೆ ಹಾಕಿದೀವಿ ನಾವು."

ಅದು ಆಮ್ಲದಲ್ಲಿ ಹೇಗೆ ಬದುಕುತ್ತದೆ ಎನ್ನುವುದನ್ನು ಎದುರಿನ ಗೊಬ್ಬರದ ಅಂಗಡಿ ತೋರಿಸಿ ವಿವರಿಸಿದರು. ತೋಟಕ್ಕೆ ಹಾಕುವ ಯೂರಿಯಾದಂಥದ್ದೇ ವಸ್ತು ನಮ್ಮ ಹೊಟ್ಟೆಯಲ್ಲೂ ಸ್ವಲ್ಪ ಇರುತ್ತದೆ. ಆ ಜೀವಿ ಅದನ್ನು ಒಡೆದು ಅಮೋನಿಯಾ ಮಾಡಿ ತನ್ನ ಸುತ್ತಲ ಆಮ್ಲವನ್ನು ಕೊಲ್ಲುತ್ತದೆ. ಒದ್ದೆ ಯೂರಿಯಾ ಮೂಟೆಯ ವಾಸನೆ ಗೊತ್ತಿದ್ದ ಅಪ್ಪ ತಲೆದೂಗಿದರು. ಆದರೆ ಡಾಕ್ಟ್ರಮ್ಮ ನೋಡದೆ ಹೇಳುವವರಲ್ಲವಲ್ಲ. ಒಂದು ಪುಟ್ಟ ಸೀಸೆಯಲ್ಲಿ ಯೂರಿಯಾ, ನೀರು, ಅಮೋನಿಯಾ ತಾಗಿದರೆ ಬೇರೆಯಾಗುವ ಒಂದು ಬಣ್ಣ ಬೆರೆಸಿ ನನ್ನ ಕೈಗಿಟ್ಟರು. ಹಳದಿ ದ್ರಾವಣ. ಮಂಗಳೂರಿನಲ್ಲಿ ಟ್ಯೂಬು ಹಾಕಿ ಹೊಟ್ಟೆ ನೋಡುವಾಗ ಒಳಗೋಡೆಯ ಒಂದು ಚೂರು ಮಾಂಸ ಇದರಲ್ಲಿ ಹಾಕಿ ಕೊಡಿ ಎಂದು ಅಲ್ಲಿನ ವೈದ್ಯರಿಗೆ ಕಾಗದವನ್ನೂ ಬರೆದುಕೊಟ್ಟರು.

"ಹಳದಿಯಾಗೇ ಉಳಿದ್ರೆ ನಾನು ಸೋತೆ. ಗುಲಾಬಿ ಆದ್ರೆ ಆಸಾಮಿ ಒಳಗಿದ್ದಾನೆ."

ಮಂಗಳೂರಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಆ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಉಜಿರೆಯಲ್ಲಿ ಹಳದಿ. ಚಾರ್ಮಾಡಿ ಘಾಟಿಯ ಮೊದಲ ತಿರುವಿನಲ್ಲಿ ಹಳದಿಯೋ ಕಿತ್ತಳೆಯೋ ಹೇಳಲಾಗದು. ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಮುಷ್ಟಿ ಬಿಚ್ಚಿ ನೋಡಿದೆ. ದಾಸವಾಳದ ಹಾಗೆ ಗುಲಾಬಿ. ಅಪ್ಪನಿಗೆ ತೋರಿಸಿದೆ. ಅವರು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇಷ್ಟು ವರ್ಷ ಬಾಡಿಗೆ ಕೊಡದೆ ಕೂತಿದ್ದನಾ ಇವನು" ಎಂದರು.

ಮಾತ್ರೆಗಳು ಶುರುವಾದವು. ಮೂರು ಬಗೆ, ಎರಡು ವಾರ. ಪಥ್ಯ ಏನು ಎಂದು ಅಜ್ಜಿ ಕೇಳಿದಳು. ಪಥ್ಯ ಏನೂ ಇಲ್ಲ, ಏನು ಬೇಕಾದರೂ ತಿನ್ನಲಿ ಎಂದರು ಡಾಕ್ಟ್ರಮ್ಮ. ಎಡವಟ್ಟಾದದ್ದೇ ಅಲ್ಲಿ. ನಮ್ಮಲ್ಲಿ ಮದ್ದಿನ ತೂಕವನ್ನು ಅಳೆಯುವುದೇ ಪಥ್ಯದಿಂದ. ಬಾಣಂತಿಗೆ ಪಥ್ಯ, ಕಾಮಾಲೆಗೆ ಪಥ್ಯ, ನಾಯಿ ಕಚ್ಚಿದರೆ ತಿಂಗಳುಗಟ್ಟಲೆ ಪಥ್ಯ. ಪಥ್ಯವೇ ಇಲ್ಲದ್ದು ಪೆಪ್ಪರಮೆಂಟಿಗೆ ಸಮ. ಐದನೆಯ ದಿನ ಶ್ರಾವಣ ಸೋಮವಾರ ಬಂತು. ಅಪ್ಪನಿಗೆ ಉಪವಾಸ. ಉಪವಾಸದಲ್ಲಿ ಮಾತ್ರೆ ಬೇಡವೆಂದು ಬಿಟ್ಟರು. ಮರುದಿನ ನೋವೂ ಇರಲಿಲ್ಲ, ಹಾಗಾಗಿ ಮಾತ್ರೆಯ ನೆನಪೂ ಆಗಲಿಲ್ಲ. ಅಂಗಡಿಯ ಗಡಿಬಿಡಿಯಲ್ಲಿ ನಾನೂ ವಿಚಾರಿಸಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಗಣೇಶನ ಹಬ್ಬದ ಹೊತ್ತಿಗೆ ನೋವು ಮರಳಿ ಬಂತು, ಮೊದಲಿಗಿಂತ ಜೋರಾಗಿ. ಪೊಟ್ಟಣದಲ್ಲಿ ಉಳಿದಿದ್ದ ಮಾತ್ರೆಗಳನ್ನು ಡಾಕ್ಟ್ರಮ್ಮ ಮೇಜಿನ ಮೇಲೆ ಸುರಿದು ಒಂದೊಂದಾಗಿ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅರ್ಧ ಹೊಡೆದು ಬಿಟ್ಟ ಬ್ಯಾಕ್ಟೀರಿಯಾ ಸುಮ್ನೆ ಹೋಗಲ್ಲ ಮಾರಾಯ್ತಿ. ಮದ್ದಿನ ಗುಟ್ಟು ಕಲಿತುಬಿಡತ್ತೆ. ಇನ್ನೊಂದೇ ಅವಕಾಶ ನಮಗೆ ಇರೋದು. ಆಮೇಲೆ ಕತ್ತರಿನೇ" ಎಂದರು. ಅವರ ಧ್ವನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲೇ ಇಲ್ಲ.

ಆ ಸಂಜೆ ಅವರೇ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಅಜ್ಜಿಯ ಎದುರು ಮಣೆ ಹಾಕಿಕೊಂಡು ಕೂತರು. ಅಜ್ಜಿ ಖಡಾಖಂಡಿತವಾಗಿ ಹೇಳಿದಳು, "ಪಥ್ಯ ಇಲ್ದಿರೋ ಮದ್ದು ನಂಗೆ ಬೇಡ ಕಣಮ್ಮ. ಅಂಥದ್ದನ್ನ ನನ್ನ ಮಗ ನುಂಗದೂ ಇಲ್ಲ."

ಡಾಕ್ಟ್ರಮ್ಮ ಅಡುಗೆಮನೆಯನ್ನೆಲ್ಲ ಒಮ್ಮೆ ನೋಡಿದರು. ಮೂಲೆಯಲ್ಲಿ ಒಂದು ರಾಶಿ ಸೀಮೆಬದನೆ. ಮಳೆಗಾಲದಲ್ಲಿ ಹಿತ್ತಲ ಚಪ್ಪರದಲ್ಲಿ ಬೇಡಬೇಡವೆಂದರೂ ಬಿಡುವ ಕಾಯಿ. ಹುಳಿಗೂ ಅದೇ, ಪಲ್ಯಕ್ಕೂ ಅದೇ.

"ಪಥ್ಯ ಇದೆ ಅಜ್ಜಿ. ಹೋದ ಸಲ ಹೇಳದೆ ತಪ್ಪು ಮಾಡ್ದೆ. ಬಹಳ ಕಠಿಣ, ನಿಮ್ಮ ಕೈಲಿ ಆಗತ್ತೋ ಇಲ್ವೋ."

"ಹೇಳು ನೀನು."

"ಹದಿನಾಲ್ಕು ದಿನ ಸೀಮೆಬದನೆ ಈ ಮನೆ ಹೊಸ್ತಿಲು ದಾಟಬಾರದು. ಮಧ್ಯೆ ಒಂದೇ ಒಂದು ಮಾತ್ರೆ ತಪ್ಪಿದ್ರೂ ಪಥ್ಯ ಮುರಿದ ಹಾಗೆ. ಉಪವಾಸ ಇದ್ರೂ ಮಾತ್ರೆ ನುಂಗಲೇಬೇಕು, ಶಿವ ಏನೂ ಅಂದ್ಕೊಳಲ್ಲ. ಲೆಕ್ಕ ಇಡೋರು ನೀವೇ."

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಆ ರಾಶಿ ಪಕ್ಕದ ಮನೆಗೆ ಹೋಯಿತು. ಗೋಡೆಯ ಮೇಲೆ ಸುಣ್ಣದಲ್ಲಿ ಹದಿನಾಲ್ಕು ಗೀಟು ಬಿದ್ದವು. ಈ ಸಲ ಒಂದು ಮಾತ್ರೆ ಬೇರೆಯದು, ಬಾಯೆಲ್ಲ ಕಬ್ಬಿಣದ ರುಚಿ. "ಕುದುರೆಮುಖದ ಅದಿರೆಲ್ಲ ನನ್ನ ಬಾಯಿಗೇ ತಂದು ಸುರಿದಿದ್ದಾರೆ" ಎಂದು ಅಪ್ಪ ಗೊಣಗುತ್ತಿದ್ದರು. ಅಜ್ಜಿ ಬಿಡಲಿಲ್ಲ. ಮಾತ್ರೆ ಕೊಟ್ಟು, ನೀರು ಕೊಟ್ಟು, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಐವತ್ತೈದು ವರ್ಷದ ಮನುಷ್ಯ, ಊರಿನ ಪಂಚಾಯಿತಿಯಲ್ಲಿ ಮಾತಾಡುವವರು, ಅಮ್ಮನ ಎದುರು ಆ ಎಂದು ಬಾಯಿ ಬಿಟ್ಟು ನಿಲ್ಲುತ್ತಿದ್ದರು. ಹದಿನಾಲ್ಕೂ ಗೀಟು ಒರೆಸಿದ ದಿನ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಒಂದು ತಿಂಗಳು ಕಳೆದು ಮತ್ತೆ ಮಂಗಳೂರು, ಮತ್ತೆ ಟ್ಯೂಬು, ಮತ್ತೆ ನನ್ನ ಮುಷ್ಟಿಯಲ್ಲಿ ಸೀಸೆ. ಉಜಿರೆಯಲ್ಲಿ ಹಳದಿ. ಕೊಟ್ಟಿಗೆಹಾರದಲ್ಲಿ ಹಳದಿ. ಬಣಕಲ್ಲಿನಲ್ಲಿ ಇಳಿದು ಮಹಡಿ ಹತ್ತಿದೆವು. ಡಾಕ್ಟ್ರಮ್ಮ ಸೀಸೆಯನ್ನು ಕಿಟಕಿಯಲ್ಲಿ ಮೈಕ್ರೋಸ್ಕೋಪಿನ ಪಕ್ಕ ಇಟ್ಟು, ನಾಳೆ ಬನ್ನಿ ಎಂದರು. ಬೆಳಗಾದ ಮೇಲೆ ಹೋಗಿ ನೋಡಿದರೆ ಅರಿಸಿನದಷ್ಟು ಹಳದಿ. ಹುಣ್ಣು ಮಾಗಿದೆ ಎಂದು ಮಂಗಳೂರಿನವರೂ ಬರೆದಿದ್ದರು. ಆಪರೇಷನ್ ರದ್ದಾಯಿತು. ಡಾಕ್ಟ್ರಮ್ಮ ಕನ್ನಡಕ ತೆಗೆದು ಒರೆಸಿಕೊಂಡು, "ಹೋಗಿ, ನಿಮ್ಮ ಅಂಗಡಿ ಕಾಫಿ ಕುಡೀರಿ. ನನಗೂ ಒಂದು ತನ್ನಿ" ಎಂದರು.

ಅಪ್ಪ ಪೀಬೆರಿ ಎನ್ನುವ ಒಂಟಿ ಬೀಜದ ಕಾಫಿ ಹುರಿದು, ತಾವೇ ಪುಡಿ ಮಾಡಿ, ತಾವೇ ಡಿಕಾಕ್ಷನ್ ಇಳಿಸಿದರು. ನಾನು ಎದುರು ನಿಂತಿದ್ದೆ. ಮೊದಲ ಗುಟುಕು ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ನುಂಗಿದರು. ನೋವಾಯಿತೇನೋ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಹದ ಮೀರಿದೆ" ಎಂದರು ಅಪ್ಪ. "ಹನ್ನೊಂದು ವರ್ಷದಿಂದ ಊರಿಗೆಲ್ಲ ಸೀದ ಕಾಫಿ ಕುಡಿಸಿದೀನಿ. ನೀನು ಒಂದು ದಿನ ಹೇಳಬಾರದಿತ್ತಾ ಮಾರಾಯ್ತಿ?"

ನಾನು ಅಳುತ್ತಲೇ ನಕ್ಕೆ. ಮರುವಾರದಿಂದ ಬೀಜ ಒಂದು ನಿಮಿಷ ಮೊದಲೇ ಇಳಿಯತೊಡಗಿತು. ಅಲ್ಲಿಂದ ಮುಂದೆ ದಿನಾ ಹನ್ನೊಂದು ಗಂಟೆಗೆ ಅಪ್ಪ ಒಂದು ಲೋಟ ಕಾಫಿ ಹಿಡಿದು ರಸ್ತೆ ದಾಟುತ್ತಿದ್ದರು. ಆ ನೇರಳೆ ಬೆರಳುಗಳು ಲೋಟ ಹಿಡಿದು ಖಾಲಿ ಮಾಡುವವರೆಗೂ ಅಲ್ಲೇ ನಿಂತಿರುತ್ತಿದ್ದರು.

ಸುದ್ದಿ ಹಬ್ಬಿತು. ಹೊಟ್ಟೆ ಹಿಡಿದುಕೊಂಡವರು ಕಳಸದಿಂದಲೂ ಮೂಡಿಗೆರೆಯಿಂದಲೂ ಬಂದರು, ಎಷ್ಟೋ ಜನ ಗುಣವಾದರು. ಮಾತ್ರೆಯ ಜೊತೆ ಸೀಮೆಬದನೆಯ ಪಥ್ಯವೂ ಹಬ್ಬಿತು. ಯಾವ ಮಾತ್ರೆ ಬರೆದರೂ, "ಸೀಮೆಬದನೆ ಎಷ್ಟು ದಿನ ಬಿಡ್ಬೇಕು ಡಾಕ್ಟ್ರೇ?" ಎಂದು ಕೇಳುವವರೇ. ಡಾಕ್ಟ್ರಮ್ಮನಿಗೆ ಅದು ಗಂಟಲಿನಲ್ಲಿ ಸಿಕ್ಕ ಮುಳ್ಳಾಯಿತು. ಕೊನೆಗೆ ಒಂದು ಭಾನುವಾರ ತಾವೇ ಹೇಳಿ ಕಳಿಸಿ ನಮ್ಮ ಮನೆಗೆ ಊಟಕ್ಕೆ ಬಂದರು. ಸೀಮೆಬದನೆ ಪಲ್ಯವೇ ಆಗಬೇಕು ಎಂದಿದ್ದರು. ಎಲೆಯ ಮುಂದೆ ಕೂತು, ಅಜ್ಜಿಯನ್ನು ನೋಡಿ ಹೇಳಿದರು, "ಅಜ್ಜಿ, ನಾನು ನಿಮ್ಮ ಹತ್ರ ಸುಳ್ಳು ಹೇಳಿದ್ದೆ. ಈ ಕಾಯಿಗೂ ಆ ಮದ್ದಿಗೂ ಸಂಬಂಧ ಇಲ್ಲ. ಜನ್ಮದಲ್ಲಿ ಅದೊಂದೇ ಸಲ ನೋಡದೆ ಹೇಳಿದ್ದು ನಾನು."

ಅಜ್ಜಿ ಇನ್ನೊಂದು ಸೌಟು ಪಲ್ಯ ಬಡಿಸಿದಳು. "ನೋಡೇ ಹೇಳಿದ್ದಲ್ವೇನಮ್ಮ? ಮೂಲೇಲಿದ್ದ ರಾಶಿ ನೋಡಿ ತಾನೆ ಬಾಯಿಗೆ ಬಂದಿದ್ದು? ನಂಗೆ ಆವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ನನ್ನ ಮಗ ಬದುಕಬೇಕಿತ್ತಲ್ಲ" ಎಂದಳು ಅಜ್ಜಿ.

ಡಾಕ್ಟ್ರಮ್ಮ ಎಲೆಯ ಮುಂದೆ ತಲೆ ತಗ್ಗಿಸಿ ನಗತೊಡಗಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅಪ್ಪ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿದ್ದರು. ಅವರು ಆ ಪಥ್ಯವನ್ನು ನಿಜವಾಗಿ ನಂಬಿದ್ದರು.

ಅಜ್ಜಿ ಹೋದ ಎಷ್ಟೋ ವರ್ಷಗಳ ಮೇಲೆ ಡಾಕ್ಟ್ರಮ್ಮ ಹೋದರು. ಅಷ್ಟರಲ್ಲಿ ಕುದುರೆಮುಖದ ಕಬ್ಬಿಣದ ಗಣಿಯೂ ನಿಂತಾಗಿತ್ತು. ಕಾಫಿ ಕೊಯ್ಲಿನ ದಿನಗಳು. ಬೆಳಿಗ್ಗೆ ಮೈಕ್ರೋಸ್ಕೋಪಿನ ಮುಂದೆ ಕೂತವರು ಹಾಗೆಯೇ ಮೇಜಿಗೆ ಒರಗಿದ್ದರು. ಮರುದಿನ ಸಂಸೆಯಿಂದ ಬಂದ ನೆಂಟರು ದೇಹವನ್ನು ಜೀಪಿನಲ್ಲಿ ಊರಿಗೆ ಒಯ್ಯಲು ಸಿದ್ಧರಾದರು. ಗೌರವಕ್ಕೆಂದು ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ನಾನೂ ಶಟರ್ ಎಳೆಯಲು ಹೋದೆ. ಅಪ್ಪ ತಡೆದರು.

ಎಪ್ಪತ್ತರ ಹತ್ತಿರದ ಮನುಷ್ಯ, ಯಂತ್ರ ಹಚ್ಚಿ ಪೀಬೆರಿ ಸುರಿದರು. ಯಾರೋ ಗೊಣಗಿದರು. ಅಪ್ಪ ಕೇಳಿಸಿಕೊಳ್ಳಲಿಲ್ಲ. ಬೀಜ ಹದಕ್ಕೆ ಬಂದು ಘಮ ಬೀದಿಯುದ್ದಕ್ಕೂ ಹರಡಿದಾಗ ಗೊಣಗಿದವರೂ ಸುಮ್ಮನಾದರು. ಜೀಪು ನಮ್ಮ ಅಂಗಡಿಯ ಮುಂದೆ ನಿಧಾನವಾಯಿತು. ಸಮಯ ಹನ್ನೊಂದು ಗಂಟೆ. ಅಪ್ಪ ಬಿಸಿ ಬಿಸಿ ಕಾಫಿಯ ಲೋಟ ಹಿಡಿದು ಬಾಗಿಲಿಗೆ ಬಂದು, ಜೀಪಿನ ಕಡೆಗೆ ಮುಖ ಮಾಡಿ ನೆಟ್ಟಗೆ ನಿಂತು, ಎಲ್ಲರೂ ನೋಡುತ್ತಿದ್ದಂತೆ ಕೊನೆಯ ಹನಿಯವರೆಗೂ ಕುಡಿದರು.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಲೋಟ ತೆಗೆದುಕೊಳ್ಳುತ್ತ ಕೇಳಿದೆ, "ಹೇಗಿದೆ ಅಪ್ಪ?"

"ಚೆನ್ನಾಗಿದೆ" ಎಂದರು.

ಚೆನ್ನಾಗಿದೆ ಎಂದರೆ ಏನು ಎಂದು ನಾನು ಕೇಳಲಿಲ್ಲ.