ಬೂಷ್ಟಿನ ಗೋಡೆ, ಅತ್ತೆಯ ಮದುವೆ

ಬೆಳಿಗ್ಗೆ ಬೀರು ಸರಿಸಿದರೆ ಹಿಂದಿನ ಗೋಡೆಯ ತುಂಬ ಕರಿ ಬೂಷ್ಟು. ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಲಾಂಚದ ನಮ್ಮ ಹಳೆಯ ಮನೆಯಲ್ಲಿದ್ದೆ.

ಮಳೆಗಾಲಕ್ಕೆ ಮುಂಚೆ ಅಜ್ಜಿ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ, ಅದು ಕೊತಕೊತ ಕುದಿದು ತಣ್ಣಗಾದ ಮೇಲೆ ಗೋಡೆಗೆ ಬಳಿಸುತ್ತಿದ್ದಳು. ಅದೂ ರೇಷ್ಮೆಹುಳು ಸಾಕುವ ಕೋಣೆಗೆ ಮಾತ್ರ, ಬೂಷ್ಟು ಹಿಡಿದರೆ ಹುಳು ಉಳಿಯುವುದಿಲ್ಲವೆಂದು. ಹುಳುವಿಗೆ ಸುಣ್ಣ, ನಮಗೆ ಬೂಷ್ಟಿನ ಬಣ್ಣ.

ಅಂಥದೊಂದು ಮಳೆಗಾಲದಲ್ಲಿ ಅಪ್ಪನ ತಂಗಿ, ನಮ್ಮತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದರು. ಹಿಂದೆ ಬಂದ ಸಂಬಂಧಗಳೆಲ್ಲ ಕೈತಪ್ಪಿದ್ದವು. ನಡುಮನೆಯ ಬೂಷ್ಟು ಮುಚ್ಚಲು ಅಪ್ಪ ದೇವರ ಕ್ಯಾಲೆಂಡರ್ ತೂಗುಹಾಕಿದ್ದರು. ಬೂಷ್ಟು ದೇವರಿಗಿಂತ ಅಗಲವಾಗಿತ್ತು.

ಗಂಡಿನ ತಾಯಿ ಮೂಗಿಗೆ ಸೆರಗು ಹಿಡಿದು, "ಇದೇನವ್ವಾ, ಗೋಡೆ ಹಿಂಗೈತೆ? ಹುಡುಗಿ ಮನೆಕೆಲಸ ಮಾಡ್ತಾಳೋ ಇಲ್ವೋ?" ಅಂದರು. ಅಜ್ಜಿಯ ಮುಖ ಬಿಳಿಚಿಕೊಂಡಿತು.

ಅತ್ತೆ ಕಾಫಿ ಕೆಳಗಿಟ್ಟು, "ಇದು ನಾವು ಮಲಗೋ ಜಾಗ ಅಮ್ಮಾ. ನಾನು ನೋಡ್ಕೊಳ್ಳೋದು ಹುಳದ ಮನೆ. ಕಾಲ್ ತೊಳ್ಕೊಂಡು ಬನ್ನಿ, ತೋರಿಸ್ತೀನಿ" ಅಂದಳು.

ಅಲ್ಲಿ ಬೆಳ್ಳಗಿನ ಗೋಡೆ, ಒಣಗಿದ ನೆಲ, ಗಾಳಿಯಾಡುವ ಎದುರುಬದುರು ಕಿಟಕಿ, ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು. ಗಂಡಿನ ತಾಯಿ ಗೋಡೆ ಸವರಿ, ಬೆರಳಿಗಂಟಿದ ಸುಣ್ಣ ನೋಡಿಕೊಂಡರು. ಹೊರಗೆ ಬಂದು ಅಜ್ಜಿಗೆ, "ಹುಳಾನೇ ಇಷ್ಟು ಚೆಂದಾಗಿ ಸಾಕೋಳು ನನ್ನ ಮಗನ್ನೂ ಸಾಕ್ತಾಳೆ ಬುಡವ್ವ" ಅಂದರು.

ಈಗ ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಿಟಕಿ ತೆರೆದು, ಅತ್ತೆಗೆ ಫೋನ್ ಮಾಡಿದೆ.

"ಒಣಗಿದ ಮೇಲೆ ಒಸಿ ಸುಣ್ಣ ಬಳಿಲಾ. ಬೀರು ಗೋಡೆಗೆ ಒತ್ತಿ ಇಡಬೇಡ. ಇರು, ನಿಮ್ಮಾವಂಗೆ ಮುದ್ದೆ ಇಕ್ಬುಟ್ಟು ಬತ್ತೀನಿ."