ಸಾವಿತ್ರೆವ್ವ ಸೆರೆ ಭಟ್ಟಿಗೆ ಹೋದದ್ದು

ದೇವಿಕೊಪ್ಪದಲ್ಲಿ ಕುಂಬಾರ ಸಾವಿತ್ರೆವ್ವನ ಮೂಗಿಗೆ ಇದ್ದ ಮರ್ಯಾದೆ ಪಂಚರ ಮಾತಿಗೂ ಇರಲಿಲ್ಲ. ತುಪ್ಪ ಕೊಳ್ಳುವವರು ಮೊದಲು ಅವಳ ಮೂಗಿಗೆ ಹಿಡಿದು ಆಮೇಲೆ ಕೊಳ್ಳುತ್ತಿದ್ದರು. ಕಣಜದ ಭತ್ತ ಮುಗ್ಗಲು ಹಿಡಿದಿದೆಯೋ ಇಲ್ಲವೋ ಎಂಬ ಜಗಳ ಅವಳು ಬಂದು ಮೂಸಿದ ಮೇಲೆಯೇ ಬಗೆಹರಿಯುತ್ತಿತ್ತು. ಹದಿನೈದನೇ ವಯಸ್ಸಿಗೆ ಸಂಶಿಯಿಂದ ಸೊಸೆಯಾಗಿ ಬಂದವಳು ಕೆರೆಯಿಂದ ತಂದ ಮಣ್ಣಿನ ಹೆಂಟೆಯನ್ನು ಮೂಸಿ, "ಇದರಾಗ ಬೇರು ಅದಾವ್ರಿ ಅತ್ತಿ, ಗಡಿಗಿ ಸೀಳತಾವ" ಎಂದಿದ್ದಳು. ಒಡೆದು ನೋಡಿದರೆ ಕೂದಲೆಳೆಯಂಥ ಬೇರುಗಳು ಸಿಕ್ಕವು. ಅಂದಿನಿಂದ ಮಣ್ಣಿನ ಕಾರಭಾರ ಸೊಸೆಯ ಕೈಗೆ ಬಂತು. ಅತ್ತೆಯರು ಅಷ್ಟು ಸುಲಭಕ್ಕೆ ಕಾರಭಾರ ಬಿಟ್ಟುಕೊಡುತ್ತಾರೆಂದು ಯಾರೂ ತಿಳಿಯಬಾರದು. ಒಲೆಯ ಕಾರಭಾರಕ್ಕೆ ಅವಳು ಇನ್ನೂ ಹನ್ನೆರಡು ವರ್ಷ ಕಾಯಬೇಕಾಯಿತು.

ಗಂಡ ಮಡಿವಾಳೆಪ್ಪನ ಕೈ ಬಂಗಾರ, ಮೂಗು ಮಾತ್ರ ಸತ್ತುಹೋಗಿತ್ತು. ಮೂವತ್ತು ವರ್ಷ ನಶ್ಯ ಏರಿಸಿ ಏರಿಸಿ, ಮನೆ ಹೊತ್ತಿ ಉರಿದರೂ ಹೊಗೆ ಕಣ್ಣಿಗೆ ಬೀಳುವ ತನಕ ಅವನಿಗೆ ಗೊತ್ತಾಗುತ್ತಿರಲಿಲ್ಲ. ತಿಗರಿಯ ಮೇಲೆ ಗಡಿಗೆ ಎಬ್ಬಿಸುವುದು ಅವನ ಕೆಲಸ. ಮಣ್ಣು ತುಳಿದು ಹದ ಮಾಡುವುದು, ಹಸಿ ಗಡಿಗೆಯನ್ನು ಬಡಿದು ತೆಳುವು ಮಾಡುವುದು, ಹೊಳೆಗಲ್ಲಿನಿಂದ ಒಳಮೈ ಉಜ್ಜುವುದು, ಆವಿಗೆಯಲ್ಲಿ ಒಟ್ಟಿ ಸುಡುವುದು ಇವೆಲ್ಲ ಅವಳವು. ಆದರೂ ಜನ "ಮಡಿವಾಳೆಪ್ಪನ ಗಡಿಗಿ" ಎಂದೇ ಕೇಳಿಕೊಂಡು ಬರುತ್ತಿದ್ದರು. ಜನರ ಬಾಯಿಗೆ ಯಾರು ಕೈ ಅಡ್ಡ ಹಿಡಿದಾರು?

ಆ ಹೊತ್ತಿಗೆ ಗಡಿಗೆ ಕೇಳಿಕೊಂಡು ಬರುವವರೇ ಕಡಿಮೆಯಾಗಿದ್ದರು. ಕಲಘಟಗಿಯ ಸಂತೆಯಲ್ಲಿ ಹಸಿರು, ಕೆಂಪು ಬಣ್ಣದ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ತೂಗುಹಾಕುತ್ತಿದ್ದರು. ಬಿದ್ದರೆ ಒಡೆಯದ ಕೊಡ ಕಂಡ ಹೆಂಗಸರು ಕುಂಬಾರರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಂಥದ್ದರಲ್ಲಿ, ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ, ದುಮ್ಮವಾಡದ ಹನಮಂತಪ್ಪ ನಲವತ್ತು ಗಡಿಗೆ ಬೇಕೆಂದು ಬಂದ. ಇವನು ಇಪ್ಪತ್ತು ವರ್ಷ ಗೋವಾದಲ್ಲಿ ಗೇರುಹಣ್ಣಿನ ಸೆರೆ, ಅಂದರೆ ಸಾರಾಯಿ, ಇಳಿಸುವ ಕೆಲಸ ಕಲಿತು, ಊರಿಗೆ ಮರಳಿ, ಸರಕಾರದ ಪರವಾನಗಿ ತಗೊಂಡು, ಹೊಲದ ಮೂಲೆಯಲ್ಲಿ ತನ್ನದೇ ಒಂದು ಸಣ್ಣ ಭಟ್ಟಿ ಹಾಕಿದ್ದ. ಡಬ್ಬಿಯಲ್ಲಿ ಹಿಡಿದಿಟ್ಟರೆ ಸೆರೆಗೆ ತಗಡಿನ ರುಚಿ ಬರುತ್ತದೆ, ಮಣ್ಣಿನ ಗಡಿಗೆಯಲ್ಲಿ ನಿಂತರೆ ಅದರ ಉರಿ ಇಳಿಯುತ್ತದೆ ಎಂದು ಅವನ ಲೆಕ್ಕ.

ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಸೆರೆ ತುಂಬುವ ಗಡಿಗೆ ಮಾಡಿಕೊಡಬಹುದೇ ಎಂದು ಸಾವಿತ್ರೆವ್ವನಿಗೆ ಎರಡು ದಿನ ಅನ್ನ ಸೇರಲಿಲ್ಲ. ಮಡಿವಾಳೆಪ್ಪ ಚಿಟಿಕೆ ನಶ್ಯ ಏರಿಸಿ ತೀರ್ಪು ಕೊಟ್ಟ. "ಗಡಿಗಿ ಮಾಡೂದು ನಮ್ಮ ಕೆಲಸ, ತುಂಬೂದು ಅವರವರ ಕೆಲಸ." ಮೊದಲ ಸಲಕ್ಕೆ ಹನ್ನೆರಡು ಗಡಿಗೆ ಸುಟ್ಟು, ಹುಲ್ಲಿನಲ್ಲಿ ಸುತ್ತಿ, ಚಕ್ಕಡಿಯಲ್ಲಿ ಕಳಿಸಿದರು.

ಹದಿನೈದು ದಿನಕ್ಕೆ ಹನಮಂತಪ್ಪನಿಂದ ಒಂದು ಕಾರ್ಡು ಬಂತು. "ನಿಮ್ಮ ಗಡಿಗಿಯಿಂದ ನನ್ನ ಸೆರೆ ಕೆಟ್ಟೈತಿ. ಮಣ್ಣಿನ್ಯಾಗ ಹೊಲಸು ವಾಸನಿ ಐತಿ. ಬಂದು ನೋಡ್ರಿ, ಇಲ್ಲಾಂದ್ರ ಹನ್ನೆರಡೂ ಹೊತ್ತಗೊಂಡು ಹೋಗ್ರಿ." ಲಕೋಟೆಯಲ್ಲಿ ಬರೆದಿದ್ದರೆ ನುಂಗಿಕೊಳ್ಳಬಹುದಿತ್ತು. ಕಾರ್ಡು ದೇವಿಕೊಪ್ಪದಲ್ಲಿ ನಾಲ್ಕು ಜನ ಓದದೆ ವಿಳಾಸದಾರರ ಕೈ ಸೇರಿದ್ದೇ ಇಲ್ಲ. ಅಂದು ಸಂಜೆಯೇ, ನೀರಿನ ಗಡಿಗೆ ಹೇಳಿಟ್ಟಿದ್ದ ಗೌರಕ್ಕ ಬಂದು, "ಈಗ ಬ್ಯಾಡ ಬಿಡವ್ವಾ, ಮುಂದ ನೋಡೂಣು" ಎಂದು ಮುಖ ಕೊಡದೆ ಹೋದಳು.

ಸಾವಿತ್ರೆವ್ವ ಲೆಕ್ಕ ಹಾಕಿದಳು. ನಲವತ್ತು ಗಡಿಗೆ ಹೋದರೆ ಹೋಗಲಿ. ದೇವಿಕೊಪ್ಪದ ಮಣ್ಣು ನಾರುತ್ತದೆ ಎಂಬ ಮಾತು ಸಂತೆಗೆ ಹೋದರೆ ತಿಗರಿಯನ್ನು ಒಲೆಗೆ ಹಾಕುವುದೊಂದೇ ಬಾಕಿ. ಅದಕ್ಕಿಂತ ಹೆಚ್ಚಾಗಿ, ಮೂವತ್ತೈದು ವರ್ಷ ತಾನು ಮೂಸಿ ಮೂಸಿ ತಂದ ಮಣ್ಣು. ಅದರಲ್ಲಿ ವಾಸನೆ ಇದ್ದು ತನಗೆ ತಿಳಿಯಲಿಲ್ಲವೆಂದರೆ ಆ ಮೂಗು ಇದ್ದರೇನು, ಹೋದರೇನು? ಅವಳು ಯಾರಿಗೂ ತೋರಿಸದೆ ಉಳಿದ ಮಣ್ಣಿನ ಗುಡ್ಡೆಯ ಮುಂದೆ ಕುಳಿತು ಮೂಸಿದಳು. ಏನೂ ಗೊತ್ತಾಗಲಿಲ್ಲ. ಮೊದಲ ಸಲ ತನ್ನ ಮೂಗನ್ನೇ ನಂಬದ ಹಾಗಾಯಿತು.

ಹೋಗುವವರು ಯಾರು? ಮಡಿವಾಳೆಪ್ಪ ಹೋದರೆ ಗುಲಾಬಿಯೂ ಗೊಬ್ಬರವೂ ಒಂದೇ ಎಂದು ಹೇಳಿ ಬರುವ ಮನುಷ್ಯ. "ನಾನ ಹೋಗತೇನಿ" ಎಂದಳು. ಮಠದ ಅಜ್ಜನವರನ್ನು ಒಂದು ಮಾತು ಕೇಳಬೇಕಲ್ಲ ಎಂದು ಅವನು ರಾಗ ಎಳೆದ. ಬೇಡ ಅನ್ನುವವರನ್ನು ಹೋಗಿ ಕೇಳುವಷ್ಟು ದಡ್ಡಿ ಅಲ್ಲ ಸಾವಿತ್ರೆವ್ವ. ಮರುದಿನ ಬೆಳಗಿನ ಬಸ್ಸು ಹತ್ತಿಯೇಬಿಟ್ಟಳು.

ದುಮ್ಮವಾಡದಲ್ಲಿ ಭಟ್ಟಿಯ ಬಾಜೂ ಮನೆ. ಕಟ್ಟೆಯ ಮೇಲೆ ಹನಮಂತಪ್ಪನ ತಾಯಿ ಫಕೀರವ್ವ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು. ಎಂಬತ್ತರ ಮುದುಕಿ, ಕಣ್ಣು ಚುರುಕು. ನೀರು, ಬೆಲ್ಲ ಕೊಟ್ಟು, "ಹೋಗಿ ನೋಡ ತಂಗಿ. ನಾ ಮಾತ್ರ ಆ ಭಟ್ಟಿ ಹೊಸ್ತಿಲಾ ದಾಟಂಗಿಲ್ಲ. ಎರಡ ವರ್ಷಾತು ದಾಟಿಲ್ಲ. ಮಾಡಬಾರದ ಉದ್ಯೋಗ ಮಾಡ್ಯಾನ" ಎಂದಳು. ಮಗನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ್ದು.

ಹನಮಂತಪ್ಪ ಸಿಟ್ಟಿನಲ್ಲಿದ್ದರೂ ಮಾತಿನಲ್ಲಿ ಮರ್ಯಾದೆ ಬಿಡಲಿಲ್ಲ. "ಬರ್ರಿ ಅಕ್ಕಾರ. ಕಣ್ಣಾರೆ ನೋಡ್ರಿ, ಆಮ್ಯಾಲ ಮಾತಾಡೂಣು." ಗೇರುಹಣ್ಣಿನ ರಸ ಹುಳಿ ಬರಲು ಇಟ್ಟ ಬಾನಿ ತೋರಿಸಿದ. ತಾಮ್ರದ ಹಂಡೆ, ಅದರ ಬಾಯಿಂದ ಹೊರಟ ಕೊಳವೆ, ನೀರಿನ ತೊಟ್ಟಿಯಲ್ಲಿ ಕೂತ ತನ್ನದೇ ಗಡಿಗೆ, ಅದರೊಳಗೆ ಹನಿಹನಿಯಾಗಿ ಬೀಳುತ್ತಿದ್ದ ಸೆರೆ. ನಾತಕ್ಕೆ ಮೂಗು ಮುಚ್ಚಿಕೊಳ್ಳುವೆನೆಂದು ಬಂದಿದ್ದ ಸಾವಿತ್ರೆವ್ವ ಹಣ್ಣಿನ ಘಮವನ್ನು ಇನ್ನೊಮ್ಮೆ ಎಳೆದುಕೊಂಡಳು. ಚೊಲೋ ಇದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಕೊರಳ ಲಿಂಗವನ್ನು ಒಮ್ಮೆ ಮುಟ್ಟಿಕೊಂಡಳು.

ಗೋವಾದಲ್ಲಿ ದೊಡ್ಡ ಗಿರಾಕಿಗಳನ್ನು ಕೂರಿಸಿ ಒಂದೊಂದೇ ಗ್ಲಾಸಿನ ರುಚಿ ತೋರಿಸುವ ಪದ್ಧತಿ ಇತ್ತಂತೆ. ಹನಮಂತಪ್ಪ ಅದನ್ನೇ ಕಲಿತು ಬಂದಿದ್ದ. ಮೇಜಿನ ಮೇಲೆ ಗಿಡ್ಡ ಗ್ಲಾಸುಗಳನ್ನು ಸಾಲಾಗಿ ಇಟ್ಟು, ಒಂದೊಂದು ಗಡಿಗೆಯದು ಒಂದೊಂದರಲ್ಲಿ ಎರಡು ಬೆರಳು ಸೆರೆ ಸುರಿದ. ಸಾವಿತ್ರೆವ್ವ ಮೊದಲನೆಯದನ್ನು ಮೂಗಿಗೆ ಹಿಡಿದಳು. ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಬೇರೇನೂ ತಿಳಿಯಲಿಲ್ಲ.

"ಹಂಗಲ್ರಿ" ಎಂದ ಅವನು. "ಅವಸರ ಮಾಡಬ್ಯಾಡ್ರಿ. ಎರಡ ಚಮಚೆ ನೀರ ಹಾಕೂಣು. ಉರಿ ಇಳೀಲಿ. ಈಗ ಬಾಯಿ ಸ್ವಲ್ಪ ತಗದು ಮೂಸ್ರಿ."

ನೀರು ಬಿದ್ದ ಕೂಡಲೇ ಗ್ಲಾಸಿನೊಳಗೆ ಮಬ್ಬು ಏರಿತು. ಉರಿಯ ಕೆಳಗೆ ಹಣ್ಣು, ಹಣ್ಣಿನ ಕೆಳಗೆ ಏನೋ ಇನ್ನೊಂದು. ಎರಡನೆಯ ಗ್ಲಾಸಿನಲ್ಲೂ ಅದೇ. ಇದ್ದದ್ದು ನಿಜ, ಹೊಲಸು ವಾಸನೆಯೇ.

"ಮೂಗಿಗೆ ಅರ್ಧಾ ತಿಳೀತೈತ್ರಿ. ಒಂದ ಹನಿ ನಾಲಗಿ ಮ್ಯಾಲ ಇಟಗೊಂಡು ಉಗಳಿಬಿಡ್ರಿ, ಪೂರಾ ತಿಳೀತೈತಿ."

ಸಾವಿತ್ರೆವ್ವ ಬಾಗಿಲ ಕಡೆ ನೋಡಿದಳು, ಗೋಡೆ ನೋಡಿದಳು, ತನ್ನ ಕೈ ನೋಡಿಕೊಂಡಳು. ಎಡಗೈಯಲ್ಲಿ ಲಿಂಗವನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದಳು. ಉಗುಳಿ, ನೀರು ಮುಕ್ಕಳಿಸಿ, ಮೂರನೆಯ ಗ್ಲಾಸು ಎತ್ತಿದಳು. ನೀರು ಹಾಕಿದರೂ ಅದು ತಿಳಿಯಾಗಿಯೇ ಉಳಿಯಿತು. ವಾಸನೆಯೂ ಇಲ್ಲ, ನಾಲಗೆಗೂ ಇಲ್ಲ. ಬರೀ ಹಣ್ಣು, ಹಿಂದೆ ಮಳೆ ಬಿದ್ದ ನೆಲದ ಸಣ್ಣ ಸುಳಿವು. ಅದು ಅವಳ ಮಣ್ಣು.

"ಹನಮಂತಪ್ಪಾ, ಇದು ಯಾವ ಗಡಿಗೀದು?"

"ಮ್ಯಾಲಿನ ಹಲಗಿ ಮ್ಯಾಗಿಂದು."

"ಎಲ್ಲಾ ಗಡಿಗಿ ಒಂದ ಮಣ್ಣು, ಒಂದ ಆವಿಗಿ. ಮಣ್ಣು ಕೆಟ್ಟಿದ್ದರ ಎಲ್ಲಾದರಾಗೂ ನಾರಬೇಕು, ಹೌದೋ ಅಲ್ಲೋ?" ಎಂದವಳೇ ಎದ್ದಳು. ಈಗ ಅವಳಿಗೆ ಯಾರೂ ಕಲಿಸಿಕೊಡಬೇಕಾದ್ದು ಇರಲಿಲ್ಲ. ನೆಲದ ಮೇಲೆ ಸಾಲಾಗಿದ್ದ ಗಡಿಗೆಗಳಲ್ಲಿ ಖಾಲಿಯಿದ್ದ ಒಂದನ್ನು ಎತ್ತಿ, ಬಾಯಿಗೆ ಬಾಯಿ ಹಚ್ಚಿ ಹಾ ಎಂದು ಬಿಸಿ ಉಸಿರು ಬಿಟ್ಟು, ಮೂಗು ತೂರಿಸಿದಳು. ಕುಂಬಾರರು ಹೊಸ ಗಡಿಗೆ ಪರೀಕ್ಷೆ ಮಾಡುವುದು ಹೀಗೆಯೇ. ಉಸಿರಿನ ಬಿಸಿಗೆ ವಾಸನೆ ಎದ್ದು ಮುಖಕ್ಕೆ ಬಂತು. ಬೆರಳು ಹಾಕಿ ಒಳಮೈ ಸವರಿದಳು. ಬೆರಳು ಅಂಟಿತು.

"ಕಮಟು ಹಿಡದೈತಿ! ಇದು ಮಣ್ಣಲ್ಲೋ, ಕುಸುಬಿ ಎಣ್ಣಿ!"

ಒಂದೊಂದಾಗಿ ನೋಡಿದರು. ತೊಟ್ಟಿಯದೂ ಸೇರಿ ಕೆಳಗಿದ್ದ ಏಳೂ ಅಂಟು. ಹಲಗೆಯ ಮೇಲಿನ ಐದೂ ಸ್ವಚ್ಛ. ಇಪ್ಪತ್ತು ವರ್ಷ ಕೊಬ್ಬರಿ ಎಣ್ಣೆಯ ಊಟ ಉಂಡು ಬಂದ ಹನಮಂತಪ್ಪನಿಗೆ ಕುಸುಬಿ ಎಣ್ಣೆ ಮುಗ್ಗಿದರೆ ಹೇಗಿರುತ್ತದೆಂದು ಮರೆತೇಹೋಗಿತ್ತು. ಅವನಿಗೆ ನಾಚಿಕೆಯಾಗುವುದರ ಬದಲು ಸಿಟ್ಟು ಬಂತು. "ಯಾರ ಹಚ್ಚಿದ್ದು? ನೀವ ಹಚ್ಚಿ ಕಳಿಸೀರೇನು?" ಎಂದು ಮೇಜು ಗುದ್ದಿದ. ಎರಡು ಗ್ಲಾಸು ಉರುಳಿ ಸಾವಿತ್ರೆವ್ವನ ಸೀರೆಯ ಮೇಲೆ ಸುರಿದವು.

"ನಾನ ಹಚ್ಚೇನಿ."

ಮಾತು ಬಾಗಿಲಿನಿಂದ ಬಂದಿತ್ತು. ಫಕೀರವ್ವ ಹೊಸ್ತಿಲ ಆಚೆ ಗೋಡೆ ಹಿಡಿದು ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. "ನೀ ಹುಬ್ಬಳ್ಳಿಗೆ ಹೋದ ದಿನ ಬಂದಿದ್ದೆ. ಹೊಸಾ ಗಡಿಗಿ ಬಂದರ ಎಣ್ಣಿ ಹಚ್ಚಿ, ಬಿಸಿ ಮಾಡಿ, ಆಮ್ಯಾಲ ಬೆಂಕಿ ಬಾಜು ಇಡತಾರೋ ಹಂಗ ಇಡತಾರೋ? ಒಣಾ ಗಡಿಗಿ ಸೀಳಿದರ ನಿನ್ನ ಅನ್ನ ಹೋಗತಿತ್ತು. ಹಲಗಿ ಮ್ಯಾಗಿನ್ವು ನನಗ ಎಟಕಲಿಲ್ಲ."

ಎಟಕಿದ್ದರೆ ಹನ್ನೆರಡೂ ನಾರುತ್ತಿದ್ದವು, ಸಾವಿತ್ರೆವ್ವನ ಮಣ್ಣಿನ ಪರವಾಗಿ ಹೇಳಲು ಒಂದು ಗಡಿಗೆಯೂ ಇರುತ್ತಿರಲಿಲ್ಲ. ಮುದುಕಿ ಗಿಡ್ಡಿಯಾಗಿದ್ದಕ್ಕೆ ಅವಳು ಮನಸ್ಸಿನಲ್ಲೇ ಬಸವಣ್ಣನಿಗೆ ಕೈ ಮುಗಿದಳು.

ಹನಮಂತಪ್ಪ ಕೂಗಾಡಲಿಲ್ಲ. ತಾಯಿಯನ್ನೇ ನೋಡುತ್ತ ಸ್ಟೂಲಿನ ಮೇಲೆ ಕುಳಿತುಬಿಟ್ಟ. "ನೀ ಒಳಗ ಬಂದಿದ್ದೇನಬೇ ಯವ್ವಾ?" ಎಂದ. ಅಷ್ಟೇ. ಅವನ ಧ್ವನಿ ಒಡೆದದ್ದು ಕೇಳಿ ಸಾವಿತ್ರೆವ್ವ ಬೇರೆ ಕಡೆ ನೋಡಿದಳು.

ಆಮೇಲೆ ಅವಳೇ ಮಾತು ತೆಗೆದಳು. "ನಂದೂ ತಪ್ಪೈತಿ. ಎಣ್ಣಿ ಹಚ್ಚಬ್ಯಾಡ್ರಿ ಅಂತ ಹೇಳಿ ಕಳಸಬೇಕಿತ್ತು. ನಮ್ಮ ಕಡೆ ಯಾರ ಮನಿಗೆ ಗಡಿಗಿ ಹೋದರೂ ಹಚ್ಚೇ ಹಚ್ಚತಾರ. ಏಳೂ ಹೇರಿ ಕಳಸ್ರಿ, ಇನ್ನೊಮ್ಮೆ ಆವಿಗಿಗೆ ಇಟ್ಟರ ಎಣ್ಣಿ ಸುಟ್ಟು ಹೋಗಿ ಹೊಸಾವ ಆಗತಾವ."

"ಉಳಿದ ಇಪ್ಪತ್ತೆಂಟೂ ಮಾಡ್ರಿ ಅಕ್ಕಾರ" ಎಂದು ಅವನು ಕೈ ಜೋಡಿಸಿದ. "ಮಣ್ಣಿಗೆ ಅಂದದ್ದು ನಂದು ತಪ್ಪು. ನಾಳೆನ ಪತ್ರ ಬರೀತೇನಿ."

"ಕಾರ್ಡಿನ್ಯಾಗ ಬರೀಬೇಕು ಮತ್ತ. ದಪ್ಪ ಅಕ್ಷರದಾಗ."

ಮಧ್ಯಾಹ್ನದ ಬಸ್ಸು ಹತ್ತಿ ಕುಳಿತಾಗ ಅವಳ ಮೈಯೆಲ್ಲ ಹಗುರಾಗಿತ್ತು. ಕಾರ್ಡು ಬಂದಾಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದದ್ದೇ ತಡ, ಯಾರಿಗಾದರೂ ಹೇಳಲೇಬೇಕು ಅನ್ನಿಸಿತು. ಬಾಜೂ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದು ಕಿಟಕಿಗೆ ಒತ್ತಿಕೊಂಡದ್ದನ್ನು ಅವಳು ನೋಡಲೇ ಇಲ್ಲ. ಕಂಡಕ್ಟರ್ ಬಂದ.

"ಕಲಘಟಗಿಗೆ ಒಂದ ಕೊಡೋ ತಮ್ಮಾ. ನಮ್ಮ ಮಣ್ಣಿನ್ಯಾಗ ಏನೂ ಇಲ್ಲ ನೋಡ, ಅಗದಿ ಸ್ವಚ್ಛ ಐತಿ!"

ಕಂಡಕ್ಟರ್ ಅವಳ ಒದ್ದೆ ಸೀರೆ ನೋಡಿದ, ಗಾಳಿ ಮೂಸಿದ, ಹಣೆಯ ವಿಭೂತಿ ನೋಡಿದ. "ಹೌದಬೇ ಯವ್ವಾ, ಅಗದಿ ಸ್ವಚ್ಛ ಐತಿ. ಮುಂದಿನ ಕಂಬೀ ಗಟ್ಟಿ ಹಿಡಕೊಂಡು ಕುಂಡ್ರು."

ಬಸ್ಸೆಲ್ಲ ಘೊಳ್ಳೆಂದಿತು. ಹಿಂದಿನ ಸೀಟಿನಲ್ಲಿ ದೇವಿಕೊಪ್ಪದವರೇ ಇಬ್ಬರಿದ್ದರು. ಅವಳಿಗಿಂತ ಮೊದಲೇ ಸುದ್ದಿ ಊರು ಮುಟ್ಟುವುದರಲ್ಲಿ ಸಂಶಯವಿರಲಿಲ್ಲ. ನಿನ್ನೆಯಾಗಿದ್ದರೆ ಸಾವಿತ್ರೆವ್ವ ನಾಚಿಕೆಯಿಂದ ಸತ್ತೇಹೋಗುತ್ತಿದ್ದಳು. ಇಂದು ಅವಳಿಗೂ ನಗು ಉಕ್ಕಿ ಬಂತು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕುಂಬಾರ ಸಾವಿತ್ರೆವ್ವ ಕುಡಿದಿದ್ದಳೆಂದು ಅಂದುಕೊಳ್ಳುವವರು ಅಂದುಕೊಳ್ಳಲಿ, ಮಣ್ಣಿನ ಹೆಸರು ಉಳಿಯಿತಲ್ಲ. ಅವಳು ಹಿಂದಕ್ಕೆ ತಿರುಗಿ, ಊರವರಿಬ್ಬರಿಗೂ ಕೇಳುವಂತೆ, ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು.